ಹದಿನೈದು ಬೈಟಿನಲ್ಲಿ ಒಂದು ಹೊತ್ತಿನ ಹಾಲು

ಕೋಲಾರದ ಸುತ್ತಮುತ್ತಲ ಹಳ್ಳಿ ಡೈರಿಗಳಲ್ಲಿ ತೂಕದ ಯಂತ್ರ, ಫ್ಯಾಟ್ ನೋಡುವ ಅನಲೈಸರ್, ಇವೆರಡಕ್ಕೂ ವೈರ್ ಎಳೆದು ಕೂರಿಸಿದ ಒಂದು ಪುಟ್ಟ ಪೆಟ್ಟಿಗೆ, ಅದರೊಳಗೊಂದು ಸಿಮ್ ಇರುವುದನ್ನು ನೀವು ನೋಡಿರಬಹುದು. ರೈತ ಹಾಲು ಸುರಿದ ಕೂಡಲೇ ಲೀಟರ್, ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿರುವ ಘನಾಂಶ) ಮೂರೂ ಸರ್ವರಿಗೆ ಹೋಗುತ್ತವೆ. ಬಟವಾಡೆಯ ದಿನ ಕೈಗೆ ಬರುವ ದುಡ್ಡು ಆ ಮೂರು ಅಂಕಿಗಳ ಮೇಲೆ ನಿಂತಿದೆ. ಇಂಥ ಪೆಟ್ಟಿಗೆಗಳಿಂದ ಬರುವ ಬೈಟುಗಳನ್ನು (ಒಂದು ಬೈಟ್ ಎಂದರೆ 0ರಿಂದ 255ರವರೆಗಿನ ಒಂದು ಸಂಖ್ಯೆ) ಬಿಚ್ಚಿ ಲೆಕ್ಕಕ್ಕೆ ಹಾಕುವ ಕೋಡ್ ಬರೆಯುವುದು ನನ್ನ ಕಸುಬು. ಬೈಟಿಗೆ ತನ್ನದೇ ಅರ್ಥ ಎಂಬುದಿಲ್ಲ, ಕಳಿಸುವವರೂ ಪಡೆಯುವವರೂ ಮೊದಲೇ ಕೂತು ಒಪ್ಪಿಕೊಂಡದ್ದಷ್ಟೇ ಅದರ ಅರ್ಥ ಎಂಬುದನ್ನು ಈ ಕೆಲಸಕ್ಕೆ ಹೊಸದಾಗಿ ಬರುವ ಹುಡುಗ ಹುಡುಗಿಯರಿಗೆ ಮತ್ತೆ ಮತ್ತೆ ಹೇಳುತ್ತಿರುತ್ತೇನೆ.

ಹೀಗೆ ಬರೀ ಬೈಟಿನಲ್ಲಿ ಕಳಿಸುವ ಬೈನರಿ ಎಲ್ಲ ಕಡೆಯೂ ಬೇಕೆಂದೇನಿಲ್ಲ. ಒಂದು ಸಲದ ಹಾಲಿನ ವಿವರವನ್ನು ಜೇಸನ್ ಎಂಬ, ಓದಲು ಬರುವ ಪಠ್ಯದ ರೂಪದಲ್ಲಿ ಬರೆದರೆ ಸುಮಾರು 75 ಬೈಟ್ ಆಗುತ್ತದೆ, ಪ್ಯಾಕ್ ಮಾಡಿದರೆ 15. ಒಂದೊಂದಾಗಿ ಎಚ್‌ಟಿಟಿಪಿಯಲ್ಲಿ ಕಳಿಸುವುದಾದರೆ ಹೆಡರ್‌ಗಳೇ ನೂರಾರು ಬೈಟ್ ಇರುವುದರಿಂದ ಈ ಉಳಿತಾಯಕ್ಕೆ ಬೆಲೆಯೇ ಇಲ್ಲ, ಜೇಸನ್ ಇರಲಿ ಬಿಡಿ. ಆದರೆ ಬೆಳಗ್ಗೆ ಸಿಗ್ನಲ್ ಇಲ್ಲದೆ 200 ಜನರ ಹಾಲು ಪೆಟ್ಟಿಗೆಯಲ್ಲೇ ಉಳಿದು, ಆಮೇಲೆ ಒಟ್ಟಿಗೆ ಹೋಗಬೇಕಾದಾಗ 15,000 ಬೈಟಿಗೂ 3,000 ಬೈಟಿಗೂ ವ್ಯತ್ಯಾಸ ಕಾಣುತ್ತದೆ. ಅದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ: ಆ ಕಡೆಯ ಯಂತ್ರ ಬೈಟಿನಲ್ಲೇ ಮಾತಾಡುತ್ತದೆ. ಅದರ ಮಾತು ನಮಗೆ ಬರಲೇಬೇಕು.

ನಾನು ಬಳಸುವ ಸಾಲು ಹೀಗಿದೆ. ಮೊದಲ ಬೈಟ್ ಆವೃತ್ತಿ ಸಂಖ್ಯೆ. ಆಮೇಲೆ ಡೈರಿಯ ಕೋಡ್ 2 ಬೈಟ್, ಸದಸ್ಯರ ನಂಬರ್ 2, ಸಮಯ 4, ಹಾಲಿನ ಪ್ರಮಾಣ 2, ಫ್ಯಾಟ್ 1, ಎಸ್‌ಎನ್‌ಎಫ್ 1, ಕೊನೆಗೆ ತಾಳೆ ನೋಡಲು ಸಿಆರ್‌ಸಿ 2. ಒಟ್ಟು 15. ಇಲ್ಲಿ ದಶಾಂಶವೇ ಇಲ್ಲ, ಗಮನಿಸಿ. 6.35 ಲೀಟರ್ ಹಾಲು 635 ಎಂದು ಹೋಗುತ್ತದೆ, 4.1 ಫ್ಯಾಟ್ 41 ಎಂದು. ಫ್ಲೋಟ್, ಅಂದರೆ ದಶಾಂಶ ಸಂಖ್ಯೆಯನ್ನೇ ಹಾಕಿದರೆ ಏನು ತೊಂದರೆ ಎಂದು ಕೇಳುವವರಿದ್ದಾರೆ. 32 ಬಿಟ್ ಫ್ಲೋಟ್‌ನಲ್ಲಿ 6.35 ಎಂಬ ಸಂಖ್ಯೆ ಕರಾರುವಾಕ್ಕಾಗಿ ಕೂರುವುದಿಲ್ಲ. ಒಳಗೆ ಇರುವುದು 6.3499999. ಅದನ್ನು ಸರ್ವರಿನಲ್ಲಿ 64 ಬಿಟ್ ಸಂಖ್ಯೆಯಾಗಿ ಓದಿ, 100ರಿಂದ ಗುಣಿಸಿ ದಶಾಂಶ ಕತ್ತರಿಸಿದರೆ 634 ಬರುತ್ತದೆ. ಹತ್ತು ಮಿಲಿಲೀಟರ್ ಹೋಯಿತು. ಒಬ್ಬರಿಗೆ ಅದು ಚಿಲ್ಲರೆ ಅನಿಸಬಹುದು. ಆದರೆ ದಿನಕ್ಕೆ ಎರಡು ಹೊತ್ತು, ಇಡೀ ಊರಿಗೆ ಲೆಕ್ಕ ಹಾಕಿದರೆ ಅದು ಬೇರೆಯವರ ದುಡ್ಡು. ಅಳತೆ ಮತ್ತು ಹಣ ಎರಡನ್ನೂ ಪೂರ್ಣಾಂಕದಲ್ಲೇ ಕಳಿಸಿ ಎಂಬುದರಲ್ಲಿ ನನಗೆ ರಾಜಿ ಇಲ್ಲ.

ಇನ್ನು ಬೈಟುಗಳ ಕ್ರಮ. 635ನ್ನು ಎರಡು ಬೈಟಿನಲ್ಲಿ ಇಡುವಾಗ ಸಿಗುವುದು 2 ಮತ್ತು 123, ಏಕೆಂದರೆ 2ನ್ನು 256ರಿಂದ ಗುಣಿಸಿ 123 ಕೂಡಿದರೆ 635. ದೊಡ್ಡ ಸ್ಥಾನದ 2 ಮೊದಲು ಬಂದರೆ ಬಿಗ್ ಎಂಡಿಯನ್, 123 ಮೊದಲು ಬಂದರೆ ಲಿಟಲ್ ಎಂಡಿಯನ್. ಇಂಟರ್‌ನೆಟ್ಟಿನ ಮೂಲ ಪ್ರೋಟೊಕಾಲ್‌ಗಳು ಮೊದಲನೆಯದನ್ನು ಹಿಡಿದಿವೆ. ನಮ್ಮ ಸರ್ವರ್‌ಗಳ ಇಂಟೆಲ್ ಚಿಪ್, ಜೇಬಿನ ಮೊಬೈಲು, ಪೆಟ್ಟಿಗೆಯೊಳಗಿನ ಇಎಸ್‌ಪಿ32 ಚಿಪ್ ಇವೆಲ್ಲ ಎರಡನೆಯದನ್ನು ಹಿಡಿದಿವೆ. ಕಳಿಸುವವರು ಒಂದು ಕ್ರಮದಲ್ಲಿ ಕಳಿಸಿ ಓದುವವರು ಇನ್ನೊಂದು ಕ್ರಮದಲ್ಲಿ ಓದಿದರೆ 6.35 ಲೀಟರ್ ಹಾಲು 314.90 ಲೀಟರ್ ಆಗುತ್ತದೆ.

ಇಷ್ಟು ಎದ್ದು ಕಾಣುವ ತಪ್ಪನ್ನು ಯಾರಾದರೂ ಹಿಡಿಯುತ್ತಾರೆ. ಭಯ ಇರುವುದು ಕಾಣದ ತಪ್ಪಿನ ಬಗ್ಗೆ. ಪರೀಕ್ಷೆಗೆಂದು 0 ಕಳಿಸಿದರೆ ಎರಡೂ ಕ್ರಮದಲ್ಲಿ 0 ಬರುತ್ತದೆ. 2.57 ಲೀಟರ್ ಕಳಿಸಿದರೂ ಅಷ್ಟೇ: 257 ಎಂದರೆ 1 ಮತ್ತು 1, ತಿರುಗಿಸಿದರೂ ಅದೇ. 5.14 ಕೂಡ ಹಾಗೇ, 2 ಮತ್ತು 2. ಹೀಗೆ ಎರಡು ಬೈಟೂ ಒಂದೇ ಆಗಿರುವ ಸಂಖ್ಯೆಗಳಿಂದ ಪರೀಕ್ಷೆ ಮಾಡಿ ‘ಸರಿ ಇದೆ’ ಎಂದು ಕೈತೊಳೆದುಕೊಂಡ ಕೋಡ್ ರಿಪೇರಿಗೆ ಬಂದದ್ದನ್ನು ನೋಡಿದ್ದೇನೆ. ಪರೀಕ್ಷೆಯ ಸಂಖ್ಯೆಯ ಪ್ರತಿ ಬೈಟೂ ಬೇರೆ ಬೇರೆ ಇರಬೇಕು. ಎರಡು ಬೈಟಿಗೆ 4660 ಇಟ್ಟುಕೊಳ್ಳಿ: 18, 52. ತಿರುಗಿದರೆ 13330 ಎಂದು ಕೂಗಿ ಹೇಳುತ್ತದೆ.

ಸರ್ವರ್ ಕೋಡ್ ಬರೆಯುವ ಪಿಎಚ್‌ಪಿ ಭಾಷೆಯಲ್ಲಿ ಸಂಖ್ಯೆಯನ್ನು ಬೈಟಾಗಿಸುವ ಪ್ಯಾಕ್, ಬೈಟನ್ನು ಸಂಖ್ಯೆಯಾಗಿಸುವ ಅನ್‌ಪ್ಯಾಕ್ ಎಂಬ ಎರಡು ಫಂಕ್ಷನ್‌ಗಳು ಪರ್ಲ್ ಭಾಷೆಯ ಬಳುವಳಿ. ಸಣ್ಣಕ್ಷರದ ‘ಎನ್’ ಹಾಕಿದರೆ 16 ಬಿಟ್ (ಅಂದರೆ 2 ಬೈಟ್) ಬಿಗ್ ಎಂಡಿಯನ್, ‘ವಿ’ ಹಾಕಿದರೆ 16 ಬಿಟ್ ಲಿಟಲ್ ಎಂಡಿಯನ್. ದೊಡ್ಡಕ್ಷರದಲ್ಲಿ ಅವೇ 32 ಬಿಟ್. ‘ಎಸ್’ ಎಂಬ ಇನ್ನೊಂದಿದೆ, ಅದು ಓಡುತ್ತಿರುವ ಯಂತ್ರದ ಕ್ರಮವನ್ನೇ ಹಿಡಿಯುತ್ತದೆ. ಹೊರಗಿನಿಂದ ಬರುವ ಡೇಟಾಕ್ಕೆ ‘ಎಸ್’ ಹಾಕಿದ್ದು ಕಂಡರೆ ನಾನು ಕೂಡಲೇ ತೆಗೆಸುತ್ತೇನೆ. ಅನ್‌ಪ್ಯಾಕ್ ಮಾಡುವಾಗ ಪ್ರತಿ ಭಾಗಕ್ಕೂ ಹೆಸರು ಕೊಡಿ. ಕೊಡದಿದ್ದರೆ ಎರಡನೆಯ ಸಂಖ್ಯೆ ಮೊದಲನೆಯದರ ಜಾಗದಲ್ಲೇ ಬಂದು ಕೂರುತ್ತದೆ, ಎಚ್ಚರಿಕೆಯ ಸಂದೇಶವೂ ಇರುವುದಿಲ್ಲ.

ಪಿಎಚ್‌ಪಿಯಲ್ಲಿ ಒಂದು ಕೊರತೆ ಇದೆ: ಕ್ರಮ ನಿಗದಿಯಾದ, ಮೈನಸ್ ಚಿಹ್ನೆಯೂ ಇರುವ 16 ಬಿಟ್ ಸಂಖ್ಯೆಗೆ ಅಕ್ಷರವೇ ಇಲ್ಲ. ಇದು ಬಿಎಂಸಿಯಲ್ಲಿ, ಅಂದರೆ ಹಾಲು ತಣ್ಣಗಿಡುವ ದೊಡ್ಡ ಟ್ಯಾಂಕಿನಲ್ಲಿ ಕಾಡುತ್ತದೆ. ಅಲ್ಲಿ ಹಾಲು 4 ಡಿಗ್ರಿಯ ಹತ್ತಿರ ಇರಬೇಕು. ಥರ್ಮೋಸ್ಟಾಟ್ ಕೈಕೊಟ್ಟು ರಾತ್ರಿ ಹಾಲು ಹೆಪ್ಪುಗಟ್ಟುವಷ್ಟು ತಣ್ಣಗಾಯಿತು, ಸೆನ್ಸರ್ ಮೈನಸ್ 0.5 ಎಂದು ಕಳಿಸಿತು ಎನ್ನಿ. ಹತ್ತರಿಂದ ಗುಣಿಸಿ ಮೈನಸ್ 5. ಅದನ್ನು ‘ಎನ್’ ಇಂದ ಓದಿದರೆ 65531, ಪರದೆಯ ಮೇಲೆ 6553.1 ಡಿಗ್ರಿ. ಇಂಥ ಅಸಾಧ್ಯ ಅಂಕಿಯನ್ನು ‘ಸೆನ್ಸರ್ ಕೆಟ್ಟಿದೆ’ ಎಂದು ಪಕ್ಕಕ್ಕೆ ತಳ್ಳುವ ಪ್ರೋಗ್ರಾಂಗಳೇ ಹೆಚ್ಚು. ಎಚ್ಚರಿಸಬೇಕಾದ ಹೊತ್ತಿನಲ್ಲೇ ಎಚ್ಚರಿಕೆ ಕಸದ ಬುಟ್ಟಿಗೆ ಹೋಗುತ್ತದೆ. ಓದಿದ್ದು 32768 ಅಥವಾ ಹೆಚ್ಚಿದ್ದರೆ 65536 ಕಳೆಯಿರಿ, ಅಷ್ಟು ಸಾಕು. ಬೈಟು ಬಿಚ್ಚಲು ಇರುವ ಪೈಥಾನ್‌ನ ಸ್ಟ್ರಕ್ಟ್, ಜಾವಾಸ್ಕ್ರಿಪ್ಟ್‌ನ ಡೇಟಾವ್ಯೂ ಎರಡರಲ್ಲೂ ಇದಕ್ಕೆ ನೇರ ದಾರಿ ಇದೆ.

ಪೆಟ್ಟಿಗೆಯ ಕಡೆ ಕೋಡ್ ಬರೆಯುವವರು ಸಿ ಭಾಷೆಯ ಸ್ಟ್ರಕ್ಚರ್ ಒಂದನ್ನು ತುಂಬಿಸಿ, ಅದರ ಮೆಮೊರಿಯನ್ನು ಹಾಗೇ ಎತ್ತಿ ಕಳಿಸಿಬಿಡುತ್ತಾರೆ. ಕೆಲಸ ಬೇಗ ಮುಗಿಯುತ್ತದೆ, ತಲೆನೋವು ಆಮೇಲೆ ಶುರುವಾಗುತ್ತದೆ. ಮೇಲೆ ಹೇಳಿದ 15 ಬೈಟಿನ ಸಾಲನ್ನೇ ತೆಗೆದುಕೊಳ್ಳಿ. ಆರ್ಡುಯಿನೊ ಊನೊ ಬೋರ್ಡಿನ 8 ಬಿಟ್ ಚಿಪ್ಪಿನಲ್ಲಿ ಅದು 15 ಬೈಟೇ. ಒಂದಕ್ಷರ ಬದಲಿಸದೆ ಅದೇ ಕೋಡನ್ನು ಇಎಸ್‌ಪಿ32ಕ್ಕೆ ಹಾಕಿ, 20 ಬೈಟ್ ಆಗುತ್ತದೆ. 2 ಬೈಟಿನ ಸಂಖ್ಯೆ ಸಮ ವಿಳಾಸದಲ್ಲಿ, 4 ಬೈಟಿನದು 4ರ ಗುಣಕದಲ್ಲಿ ಕೂರಬೇಕೆಂದು ಕಂಪೈಲರ್ ನಡುವೆ, ಕೊನೆಗೆ ಖಾಲಿ ಬೈಟು ತುರುಕುತ್ತದೆ. ಪೈಥಾನ್‌ನಲ್ಲಿ ಕ್ರಮದ ಚಿಹ್ನೆ ಹಾಕದೆ ಸ್ಟ್ರಕ್ಟ್ ಬಳಸಿದರೆ ಅಲ್ಲೂ ಇದೇ ಕಥೆ, ಆದರೆ ಕೊನೆಯ ಖಾಲಿ ಬೈಟ್ ಇರುವುದಿಲ್ಲವಾದ್ದರಿಂದ 18 ಬರುತ್ತದೆ. ಒಂದೇ ಪ್ಯಾಕೆಟಿಗೆ ಮೂರು ಉದ್ದ! ಹಾಗಾಗಿ ಪ್ರತಿ ಬೈಟನ್ನೂ ಕೈಯಾರೆ ಜೋಡಿಸಿ ಕಳಿಸಿ ಎಂದು ಹೇಳುತ್ತೇನೆ. ಸರ್ವರಿನಲ್ಲಿ ಮೊದಲ ಪರಿಶೀಲನೆ ಉದ್ದದ್ದು, ಎರಡನೆಯದು ಸಿಆರ್‌ಸಿಯದ್ದು. ಎರಡೂ ದಾಟಿದ ಮೇಲಷ್ಟೇ ಬಿಚ್ಚಬೇಕು.

ಉದ್ದ ನೋಡುವ ಪರಿಶೀಲನೆ ಇಲ್ಲದ ಒಂದು ಕಡೆಯಿಂದ ಸೆಕ್ರೆಟರಿ ಒಬ್ಬರು ಫೋನ್ ಮಾಡಿದ್ದರು. “ಸಾರ್, ಎಲ್ಲಾರ್ದೂ ಬರ್ತದೆ, ಅಲ್ಲೊಬ್ಬರದು ಇಲ್ಲೊಬ್ಬರದು ಬಿಟ್ಟೋಗ್ತದೆ. ನಾಳೆ ನೋಡಿದ್ರೆ ಬೇರೆಯವರದು ಹೋಗಿರ್ತದೆ. ಜನ ನನ್ನ ಕೇಳ್ತಾರೆ.” ನೆಟ್‌ವರ್ಕಿನ ಮೇಲೆ ಹಾಕಿ ಕೈಬಿಡುವ ಲಕ್ಷಣ ಇದು. ಕಾರಣ ಇದ್ದದ್ದು ಸರ್ವರ್ ಕೋಡಿನ ಒಂದೇ ಸಾಲಿನಲ್ಲಿ: ಬಂದ ಬಾಡಿಯನ್ನು (ಹೆಡರ್‌ಗಳ ನಂತರದ ನಿಜವಾದ ಡೇಟಾ) ಯಾರೋ ಅಭ್ಯಾಸಬಲದಿಂದ ಟ್ರಿಮ್ ಮಾಡಿದ್ದರು. ಪಿಎಚ್‌ಪಿಯ ಟ್ರಿಮ್ ತುದಿಯಲ್ಲಿರುವ 0, 9, 10, 11, 13, 32 ಈ ಆರು ಬೈಟುಗಳನ್ನು ಖಾಲಿ ಜಾಗವೆಂದು ತಿಳಿದು ಕಿತ್ತು ಹಾಕುತ್ತದೆ. ನಮ್ಮ ಪ್ಯಾಕೆಟಿನ ಕೊನೆಯ ಬೈಟ್ ಸಿಆರ್‌ಸಿಯದ್ದು. ಅದು 256 ಸಂಖ್ಯೆಗಳಲ್ಲಿ ಯಾವುದಾದರೂ ಆಗಬಹುದು, ಆ ಆರರಲ್ಲೊಂದೂ ಆಗಬಹುದು. ಅಂದಾಜು 43 ಪ್ಯಾಕೆಟಿಗೆ ಒಂದು ಹಾಳು. ಬೈನರಿ ಎಂದರೆ ಪಠ್ಯವಲ್ಲ. ಟ್ರಿಮ್ ಬೇಡ, ಅಕ್ಷರ ಪರಿವರ್ತನೆ ಬೇಡ, ಡೇಟಾಬೇಸಿನಲ್ಲಿ ಪಠ್ಯದ ಕಾಲಂನಲ್ಲಿ ಇಡುವುದೂ ಬೇಡ. ಬಾಡಿಯ ಬಗೆ ಫಾರ್ಮಿನದ್ದಲ್ಲದಿದ್ದರೆ ಪಿಎಚ್‌ಪಿಯ ‘ಪೋಸ್ಟ್’ ಅರೇ ಖಾಲಿ ಇರುತ್ತದೆ ಎಂಬುದೂ ನೆನಪಿರಲಿ, ಕಚ್ಚಾ ಬಾಡಿಯನ್ನು ಇನ್‌ಪುಟ್ ಸ್ಟ್ರೀಮಿನಿಂದಲೇ ಓದಬೇಕು.

ಬ್ರೌಸರ್ ಕಡೆ ಹೆಚ್ಚು ಹೇಳುವುದಿಲ್ಲ. ಡೇಟಾವ್ಯೂ ಬಳಸಿ, ನಾವು ಕ್ರಮ ಹೇಳದಿದ್ದರೆ ಅದು ಬಿಗ್ ಎಂಡಿಯನ್ ಎಂದೇ ಓದುತ್ತದೆ. 16 ಬಿಟ್ ಟೈಪ್ಡ್ ಅರೇ ಯಂತ್ರದ ಕ್ರಮ ಹಿಡಿಯುತ್ತದೆ, ಮೇಲಾಗಿ ಬೆಸ ಸ್ಥಾನದಿಂದ ಶುರುಮಾಡಲು ಒಪ್ಪುವುದಿಲ್ಲ. ಸ್ಥಾನದ ಎಣಿಕೆ 0ಯಿಂದ, ಹಾಗಾಗಿ ನಮ್ಮ ಡೈರಿ ಕೋಡ್ ಶುರುವಾಗುವುದೇ 1ನೇ ಸ್ಥಾನದಿಂದ.

ಹೆಸರುಗಳ ವಿಷಯಕ್ಕೆ ಬಂದರೆ ಕನ್ನಡದಂಥ ಭಾಷೆಗಳಿಗೆ ಒಂದು ತೊಡಕಿದೆ. ಅಕ್ಷರಗಳನ್ನು ಬೈಟಾಗಿ ಬರೆಯುವ ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಯುನಿಕೋಡ್ ಚಿಹ್ನೆಗೂ 3 ಬೈಟ್ ಬೇಕು, ಗುಣಿತದ ಚಿಹ್ನೆಗಳೂ ಸೇರಿ. ಊರಿನ ಹೆಸರಿಗೆ 20 ಬೈಟ್ ಮೀಸಲಿಟ್ಟ ಫಾರ್ಮ್ಯಾಟ್ ಒಂದು ನನ್ನ ಕೈಗೆ ಬಂದಿತ್ತು, ಇಂಗ್ಲಿಷ್ ಅಕ್ಷರಗಳನ್ನು ಮನಸ್ಸಿನಲ್ಲಿಟ್ಟು ಮಾಡಿದ್ದು. ‘ಕೋಲಾರ’ 15 ಬೈಟ್, ಹಿಡಿಸುತ್ತದೆ. ‘ತುಮಕೂರು’ 21, ಒಂದೇ ಒಂದು ಬೈಟ್ ಸಾಲದು: ಕೊನೆಯ ಕೊಂಬು ಮುರಿದು ಪರದೆಯಲ್ಲಿ ಪ್ರಶ್ನೆ ಚಿಹ್ನೆಯ ಚೌಕ ಬರುತ್ತದೆ. ‘ಚಿಕ್ಕಬಳ್ಳಾಪುರ’ 39, ಅರ್ಧಕ್ಕೇ ನಿಂತುಹೋಗುತ್ತದೆ. ಹಾಗೆಂದು ರೈತರ ಹೆಸರನ್ನು ಇಂಗ್ಲಿಷಿನಲ್ಲಿ ಬರೆಸಿ ಎನ್ನುವುದು ಪರಿಹಾರವಲ್ಲ, ಅದಕ್ಕೆ ನಾನು ಒಪ್ಪುವುದೂ ಇಲ್ಲ. ಹೆಸರಿನ ಮುಂದೆ ಅದರ ಉದ್ದ ಬರೆಯಿರಿ, ಆ ಉದ್ದವನ್ನು ಅಕ್ಷರದಲ್ಲಲ್ಲ, ಬೈಟಿನಲ್ಲಿ ಎಣಿಸಿ. ಜಾವಾಸ್ಕ್ರಿಪ್ಟ್ ‘ಕೋಲಾರ’ದ ಉದ್ದ 5 ಎನ್ನುತ್ತದೆ, ಅದನ್ನು ನಂಬಿ ಬರೆದರೆ ಓದುವವರು 5 ಬೈಟಿಗೇ ನಿಲ್ಲಿಸಿ ಉಳಿದ ಹತ್ತನ್ನು ಮುಂದಿನ ಭಾಗವೆಂದು ತಿಳಿಯುತ್ತಾರೆ.

ಸಮಯದ 4 ಬೈಟನ್ನು (1970ರ ಜನವರಿ 1ರಿಂದ ಎಣಿಸಿದ ಸೆಕೆಂಡುಗಳು) ಚಿಹ್ನೆಯಿಲ್ಲದ ಸಂಖ್ಯೆಯಾಗಿಯೇ ಓದಿ, 2106ರವರೆಗೆ ನಡೆಯುತ್ತದೆ. ಚಿಹ್ನೆಯಿರುವ ಸಂಖ್ಯೆಯಾಗಿ ಓದಿದರೆ 2038ರ ಜನವರಿ 19ರಂದು ನಮ್ಮ ಸಮಯ ಬೆಳಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ ಮುಗಿದು, ಮುಂದಿನ ಕ್ಷಣ 1901ಕ್ಕೆ ಹಾರುತ್ತದೆ. ದೂರದ ಮಾತಲ್ಲ ಅದು, ಇವತ್ತು ಕೂರಿಸುವ ಪೆಟ್ಟಿಗೆಗಳಲ್ಲಿ ಕೆಲವು ಅಷ್ಟು ದಿನ ಬಾಳಿಕೆ ಬರುತ್ತವೆ.

ಕೊನೆಗೆ ಆ ಮೊದಲ ಬೈಟ್, ಆವೃತ್ತಿ ಸಂಖ್ಯೆ. ಫ್ಯಾಟನ್ನು ಎರಡು ದಶಾಂಶದವರೆಗೆ ಕಳಿಸುವ ಹೊಸ ಅನಲೈಸರ್ ಬಂತು ಎಂದುಕೊಳ್ಳಿ. 4.12 ಎಂದರೆ 412, ಒಂದು ಬೈಟಿಗೆ 255ರ ಮೇಲೆ ಹಿಡಿಸದು, ಎರಡು ಬೇಕು. ಪ್ಯಾಕೆಟ್ 16 ಬೈಟ್ ಆಯಿತು. ಶ್ರೀನಿವಾಸಪುರದ ಕಡೆ ಪೆಟ್ಟಿಗೆಗಳು ಈ ವಾರ ಬದಲಾಗುತ್ತವೆ, ಮುಳಬಾಗಿಲಿನವು ಮುಂದಿನ ತಿಂಗಳು, ಎಲ್ಲೋ ಒಂದೆರಡು ಬದಲಾಗದೆಯೇ ಉಳಿಯುತ್ತವೆ. ಸರ್ವರ್ ಮೊದಲ ಬೈಟ್ ನೋಡಿ, 1 ಇದ್ದರೆ ಹಳೆಯ ಸಾಲು, 2 ಇದ್ದರೆ ಹೊಸ ಸಾಲು ಎಂದು ಬಿಚ್ಚುತ್ತದೆ. ಬೇರೆ ಏನಾದರೂ ಇದ್ದರೆ ಊಹೆ ಮಾಡದೆ ಹಾಗೇ ತೆಗೆದಿಡುತ್ತದೆ. ಹಳೆಯ ಪೆಟ್ಟಿಗೆಯಿಂದ ಒಂದು ಪ್ಯಾಕೆಟ್ ಬರುತ್ತಿದ್ದರೂ ಸರಿ, ಹಳೆಯ ಸಾಲಿನ ಕೋಡನ್ನು ನಾನು ಅಳಿಸುವುದಿಲ್ಲ.