116ರಿಂದ 174ಕ್ಕೆ: ವೇದಿಕೆಯ ಮೇಲೆ ನಡೆ ಬದಲಿಸುವ ಲೆಕ್ಕ

ಆಸ್ಟ್ರೇಲಿಯಾದ ಪರ್ತ್‌ನಲ್ಲಿ 2002ರಲ್ಲಿ ಶುರುವಾದ ಪೆಂಡ್ಯುಲಮ್, 2005ರ ಮೊದಲ ಆಲ್ಬಮ್‌ನಲ್ಲಿ ಡ್ರಮ್ ಆ್ಯಂಡ್ ಬೇಸ್ (ವೇಗದ ಎಲೆಕ್ಟ್ರಾನಿಕ್ ಕುಣಿತದ ಸಂಗೀತ) ತಂಡವಾಗಿತ್ತು. 2008ರ ಹೊತ್ತಿಗೆ ಗಿಟಾರ್, ಡ್ರಮ್ಸ್ ಸಮೇತ ವೇದಿಕೆಗೇರಿತು. 2010ರ ಆಲ್ಬಮ್‌ನಲ್ಲಿ ಅದಕ್ಕಿಂತ ನಿಧಾನದ ಕುಣಿತದ ಸಂಗೀತವಾದ ಹೌಸ್‌ನ ಲಯವೂ ಉಂಟು, ಸ್ವೀಡನ್ನಿನ ಮೆಟಲ್ ಬ್ಯಾಂಡ್ ಇನ್ ಫ್ಲೇಮ್ಸ್ ಕೂಡ ಜೊತೆಗೂಡಿತು. ಸ್ಟುಡಿಯೋದಲ್ಲಿ ಇಂಥ ಜಿಗಿತ ಸುಲಭ. ವೇದಿಕೆಯಲ್ಲಿ ಅದು ಡ್ರಮ್ಮರ್‌ನ ಕಿವಿಯನ್ನೇ ನೆಚ್ಚಿಕೊಂಡಿರುತ್ತದೆ.

ಹೌಸ್‌ನ ವೇಗ ನಿಮಿಷಕ್ಕೆ ಸುಮಾರು 120 ಬೀಟ್, ಡ್ರಮ್ ಆ್ಯಂಡ್ ಬೇಸ್‌ನದು 174. ಟೆಂಪೋವನ್ನು, ಅಂದರೆ ಈ ವೇಗವನ್ನು, ಮೆಲ್ಲಗೆ ಏರಿಸುತ್ತ ಹೋದರೆ ಕುಣಿಯುವವರ ಹೆಜ್ಜೆ ತಪ್ಪುತ್ತದೆ. ಲೂಪ್‌ಗಳನ್ನು (ಮರುಕಳಿಸುವ ಧ್ವನಿ ತುಣುಕುಗಳನ್ನು) ಅಷ್ಟು ಕುಗ್ಗಿಸಿದಾಗ ಪೆಟ್ಟಿನ ಮೊನೆಯೂ ಮಂಕಾಗುತ್ತದೆ. ಹೌಸ್ ಭಾಗವನ್ನು 116ಕ್ಕೆ ಕಟ್ಟಿಕೊಳ್ಳಿ. 116ರ ಎರಡು ಬೀಟ್‌ನಲ್ಲಿ 174ರ ಮೂರು ಬೀಟ್ ಕರಾರುವಾಕ್ಕಾಗಿ ಕೂರುತ್ತವೆ. ಮೃದಂಗ ಬಲ್ಲವರಿಗೆ ಗೊತ್ತಿರುವ, ಒಂದು ಬೀಟನ್ನು ಮೂರಾಗಿ ಒಡೆಯುವ ತಿಶ್ರ ನಡೆಯ ಲೆಕ್ಕವೇ ಇದು. ಮೊದಲ ಎಂಟು ಬಾರ್ (ನಾಲ್ಕು ಬೀಟ್‌ನ ಸುತ್ತು) ಹೈ-ಹ್ಯಾಟ್ ಎಂಬ ಜೋಡಿ ತಾಳ ಮಾತ್ರ ತಿಶ್ರಕ್ಕೆ ಹೊರಳಲಿ, ಕಾಲಿನಿಂದ ಬಾರಿಸುವ ಕಿಕ್ ಡ್ರಮ್ ಹಳೆಯ ಜಾಗದಲ್ಲೇ ಇರಲಿ. ಆಮೇಲೆ ಹೈ-ಹ್ಯಾಟ್‌ನ ಪೆಟ್ಟುಗಳನ್ನು ಎರಡೆರಡಾಗಿ ಎಣಿಸಿದರೆ ಅದೇ 174. ಕೇಳುಗರಿಗೆ ವೇಗ ಏರಿದ್ದು ಗೊತ್ತಾಗುತ್ತದೆ, ಲಯ ಮುರಿದಂತೆ ಅನಿಸುವುದಿಲ್ಲ. ನನಗೆ ಇದಕ್ಕಿಂತ ಚೆಂದದ ದಾಟು ಗೊತ್ತಿಲ್ಲ.

ಲ್ಯಾಪ್‌ಟಾಪ್‌ನಲ್ಲಿ ಟೆಂಪೋ ಬದಲಾವಣೆ ಬಾರ್‌ನ ಮೊದಲ ಬೀಟ್‌ಗೇ ಬೀಳಬೇಕು. ಟೆಂಪೋಗೆ ಕಟ್ಟಿದ ಡಿಲೇ (ದನಿಯನ್ನು ತಡವಾಗಿ ಮರುನುಡಿಸುವ ಎಫೆಕ್ಟ್) ಆಗ ಇನ್ನೂ ಮೊಳಗುತ್ತಿದ್ದರೆ, ಕೆಲವು ಡಿಲೇಗಳ ಶ್ರುತಿ ಸರ್ರನೆ ಏರಿ ಅಪಸ್ವರವಾಗುತ್ತದೆ. ಒಂದು ಬಾರ್ ಮೊದಲೇ ಅದನ್ನು ಮುಚ್ಚಿ, ಬದಲಿಗೆ ಉದ್ದದ ರಿವರ್ಬ್ (ಅನುರಣನ) ಹಾಕಿ. ವಾದಕರಿಗೆ ಬೀಟ್ ತೋರಿಸುವ ಕ್ಲಿಕ್ ದನಿಗೆ ಬೇರೆಯೇ ಔಟ್‌ಪುಟ್ ಇರಲಿ, ಅವರ ಕಿವಿಯೊಳಗಿನ ಇಯರ್‌ಫೋನ್‌ಗೆ ಮಾತ್ರ ಹೋಗಲಿ. ಬದಲಾವಣೆಗೆ ಎರಡು ಬಾರ್ ಮುಂಚೆ ಎಣಿಕೆಯ ದನಿಯನ್ನೂ ಅದರಲ್ಲೇ ಸೇರಿಸಿ.

ಹೆಚ್ಚು ತಂಡಗಳು ಎಡವುವುದು ಕಿಕ್‌ನಲ್ಲಿ. ಕಿಕ್‌ಗೆ ಟ್ರಿಗರ್ (ಪೆಟ್ಟು ಗುರುತಿಸುವ ಸೆನ್ಸರ್) ಸಿಕ್ಕಿಸಿ, ಮೈಕಿನ ದನಿಯ ಜೊತೆ ಲ್ಯಾಪ್‌ಟಾಪ್‌ನ ಸ್ಯಾಂಪಲ್, ಅಂದರೆ ಮೊದಲೇ ದಾಖಲಿಸಿದ ಕಿಕ್ ದನಿ, ಬೆರೆಸುತ್ತಾರೆ. ಲ್ಯಾಪ್‌ಟಾಪ್ ದನಿಯನ್ನು ತುಸು ತುಸು ಕೂಡಿಟ್ಟು ಸಂಸ್ಕರಿಸುತ್ತದೆ, ಆ ಕೂಡಿಟ್ಟ ತುಣುಕೇ ಬಫರ್. 48 ಕಿಲೋಹರ್ಟ್ಸ್‌ನಲ್ಲಿ (ಸೆಕೆಂಡಿಗೆ 48,000 ಅಳತೆ) 128 ಅಳತೆಗಳ ಬಫರ್ ಎಂದರೆ ಒಮ್ಮೆಗೆ 2.7 ಮಿಲಿಸೆಕೆಂಡ್, ಒಳಗೆ ಹೋಗಿ ಹೊರಬರುವಷ್ಟರಲ್ಲಿ 5 ದಾಟುತ್ತದೆ. 100 ಹರ್ಟ್ಸ್‌ನ ಅರ್ಧ ಆವರ್ತವೂ 5 ಮಿಲಿಸೆಕೆಂಡೇ. ಹಾಗಾಗಿ ಮೈಕಿನ ಕಿಕ್ಕೂ ಸ್ಯಾಂಪಲ್ ಕಿಕ್ಕೂ ಅಲ್ಲಿ ಒಂದನ್ನೊಂದು ಅಳಿಸಿಹಾಕುತ್ತವೆ. ಇದು ತಿಳಿಯದೆ ವಾಲ್ಯೂಮ್ ಏರಿಸಿದರೆ ಪ್ರಯೋಜನವಿಲ್ಲ. ಮಿಕ್ಸರ್‌ನಲ್ಲಿ ಮೈಕಿನ ಚಾನೆಲ್ಲನ್ನು ಅಷ್ಟೇ ತಡಮಾಡಿ, ಇಲ್ಲವೇ ಮೈಕಿನ 120 ಹರ್ಟ್ಸ್ ಕೆಳಗಿನದನ್ನು ಕತ್ತರಿಸಿ ತಳದನಿಯನ್ನು ಸ್ಯಾಂಪಲ್‌ಗೇ ಬಿಡಿ. ಸೌಂಡ್ ಚೆಕ್‌ನಲ್ಲಿ ಎರಡನ್ನೂ ಒಟ್ಟಿಗೆ ಕೇಳಿ. ಒಂದನ್ನು ಮ್ಯೂಟ್ ಮಾಡಿದಾಗ ತಳದನಿ ಹೆಚ್ಚಿದರೆ ಹೊಂದಾಣಿಕೆ ಇನ್ನೂ ತಪ್ಪಿದೆ.