ಒಳ್ಳೆಯ ನಿರ್ದೇಶಕರ ಕೊನೆಯ ಚಿತ್ರಗಳು ಏಕೆ ಸಪ್ಪೆಯಾಗುತ್ತವೆ?

ಪ್ರಶ್ನೆ: ಕಾಲೇಜಿನ ದಿನಗಳಲ್ಲಿ ಮೆಚ್ಚಿನ ನಿರ್ದೇಶಕರ ಚಿತ್ರ ಬಂತೆಂದರೆ ಜಮಖಂಡಿಯಿಂದ ವಿಜಯಪುರಕ್ಕೆ ಬಸ್ ಹಿಡಿದು ಬರುತ್ತಿದ್ದೆವು. ಈಗ ಅದೇ ನಿರ್ದೇಶಕರ ಹೊಸ ಚಿತ್ರವನ್ನು ಮನೆಯಲ್ಲೇ ಕುಳಿತು ನೋಡಿದರೂ ಅರ್ಧಕ್ಕೇ ಸಾಕಾಗುತ್ತದೆ. ಅಷ್ಟು ಪಳಗಿದ ಕೈ ಕೆಡುವುದಾದರೂ ಹೇಗೆ?

ಉತ್ತರ: ಈ ಪ್ರಶ್ನೆಯನ್ನು ನನಗೆ ಎಷ್ಟೋ ಜನ ಕೇಳಿದ್ದಾರೆ. ಕೇಳುವವರ ವಯಸ್ಸಿಗೆ ತಕ್ಕಂತೆ ನಿರ್ದೇಶಕರ ಹೆಸರು ಬದಲಾಗುತ್ತದೆ, ಅಷ್ಟೆ. ಅರವತ್ತು ದಾಟಿದವರು ಪುಟ್ಟಣ್ಣ ಕಣಗಾಲರ ಹೆಸರು ಹೇಳುತ್ತಾರೆ, ನಲವತ್ತೈದರ ಆಸುಪಾಸಿನವರು ರಾಮ್ ಗೋಪಾಲ್ ವರ್ಮಾ ಎನ್ನುತ್ತಾರೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಕೈ ಕೆಡುವುದು ಅಪರೂಪ. ಆ ಕೈಯನ್ನು ಹಿಡಿದು ‘ಇದು ಬೇಡ’ ಎನ್ನುತ್ತಿದ್ದವರು ಒಬ್ಬೊಬ್ಬರಾಗಿ ಇಲ್ಲವಾಗುತ್ತಾರೆ.

ಆಲ್ಫ್ರೆಡ್ ಹಿಚ್‌ಕಾಕ್ ಅವರನ್ನೇ ನೋಡಿ. 1960ರ ‘ಸೈಕೋ’ ಚಿತ್ರದ ಸ್ನಾನದ ಮನೆಯ ಕೊಲೆಗೆ ಸಂಗೀತವೇ ಬೇಡ ಎಂದು ಅವರು ಹೇಳಿದ್ದರು. ಸಂಗೀತ ನಿರ್ದೇಶಕ ಬರ್ನಾರ್ಡ್ ಹರ್ಮನ್ ಆ ಮಾತನ್ನು ಕೇಳಲಿಲ್ಲ. ಪಿಟೀಲುಗಳ ಆ ಚೀರಾಟವನ್ನು ಬರೆದು ತಂದು ಕೇಳಿಸಿದರು, ಹಿಚ್‌ಕಾಕ್ ಒಪ್ಪಿಕೊಂಡರು. ಇಂದು ಆ ದೃಶ್ಯ ನೆನಪಾದರೆ ಮೊದಲು ಕಿವಿಗೆ ಬರುವುದು ಆ ಚೀರಾಟವೇ. ಆ ಕಾಲದ ಹಿಚ್‌ಕಾಕ್ ಚಿತ್ರಗಳಲ್ಲಿ ಹರ್ಮನ್ ಅಲ್ಲದೆ ಇನ್ನೂ ಇಬ್ಬರು ಮತ್ತೆ ಮತ್ತೆ ಕೆಲಸ ಮಾಡುತ್ತಿದ್ದರು: ಸಂಕಲನಕಾರ ಜಾರ್ಜ್ ಟೊಮಾಸಿನಿ ಮತ್ತು ಛಾಯಾಗ್ರಾಹಕ ರಾಬರ್ಟ್ ಬರ್ಕ್ಸ್. ಈ ಮೂವರೂ ಕೂಡಿ ಕೆಲಸ ಮಾಡಿದ ಕೊನೆಯ ಹಿಚ್‌ಕಾಕ್ ಚಿತ್ರ 1964ರ ‘ಮಾರ್ನಿ’. ಟೊಮಾಸಿನಿ ಅದೇ ವರ್ಷ ತೀರಿಕೊಂಡರು, ಬರ್ಕ್ಸ್ ಮತ್ತೆ ಅವರ ಚಿತ್ರಕ್ಕೆ ಕ್ಯಾಮೆರಾ ಹಿಡಿಯಲಿಲ್ಲ. 1966ರ ‘ಟೋರ್ನ್ ಕರ್ಟನ್’ ಹೊತ್ತಿಗೆ ಹರ್ಮನ್ ಬರೆದ ಸಂಗೀತವನ್ನು ಹಿಚ್‌ಕಾಕ್ ತಿರಸ್ಕರಿಸಿದರು, ಸ್ನೇಹವೂ ಅಲ್ಲಿಗೆ ಮುರಿಯಿತು. ಆ ಚಿತ್ರವನ್ನೂ ಅದರ ಮುಂದಿನ ‘ಟೋಪಾಜ್’ ಅನ್ನೂ ನೋಡಿದ ಅಭಿಮಾನಿಗಳು ಮುದುಕನಿಗೆ ವಯಸ್ಸಾಯಿತು ಎಂದರು. ಪೋಸ್ಟರಿನ ಮೇಲೆ ಒಂದೇ ಹೆಸರು ದೊಡ್ಡದಾಗಿ ಇರುವುದರಿಂದ ನಮಗೆ ಹಾಗೆ ತೋರುತ್ತದೆ. ಕೆಲಸ ಮಾಡುತ್ತಿದ್ದದ್ದು ನಾಲ್ಕು ತಲೆಗಳು.

ಇನ್ನು ಫ್ರಾನ್ಸಿಸ್ ಫೋರ್ಡ್ ಕೊಪ್ಪೊಲಾ. 1972ರ ‘ಗಾಡ್‌ಫಾದರ್’ ತೆಗೆಯುವಾಗ ಅವರಿಗೆ ಸುತ್ತಲೂ ಜಗಳ. ಮರ್ಲಾನ್ ಬ್ರಾಂಡೊ ಬೇಡ, ಅಲ್ ಪಚಿನೊ ಬೇಡ ಎಂದು ಸ್ಟುಡಿಯೊದವರು ಹಟ ಹಿಡಿದಿದ್ದರು. ಛಾಯಾಗ್ರಾಹಕರೊಡನೆ ಚಿತ್ರೀಕರಣದಲ್ಲೇ ವಾಗ್ವಾದ. ಕೆಲಸದಿಂದ ಯಾವಾಗ ತೆಗೆದುಹಾಕುತ್ತಾರೋ ಎಂಬ ಭಯ ಬೇರೆ. ಪ್ರತಿ ನಿರ್ಧಾರಕ್ಕೂ ವಾದ ಮಾಡಿ ಗೆಲ್ಲಬೇಕಿತ್ತು, ಆದ್ದರಿಂದ ಗಟ್ಟಿಯಾದದ್ದು ಮಾತ್ರ ಉಳಿಯಿತು. ಐವತ್ತೆರಡು ವರ್ಷಗಳ ನಂತರ, 2024ರಲ್ಲಿ, ದಶಕಗಳ ಕಾಲ ಮನಸ್ಸಿನಲ್ಲಿಟ್ಟುಕೊಂಡಿದ್ದ ‘ಮೆಗಲೋಪೊಲಿಸ್’ ಚಿತ್ರವನ್ನು ಹೊರತಂದರು. ಅದಕ್ಕೆ ತಗುಲಿದ ಸುಮಾರು 12 ಕೋಟಿ ಡಾಲರ್ ಅವರದೇ ಹಣ. ತಮ್ಮ ವೈನ್ ಉದ್ಯಮದ ಒಂದು ಭಾಗವನ್ನು ಮಾರಿ ಹೊಂದಿಸಿದ್ದು. ಚಿತ್ರಮಂದಿರಗಳಿಂದ ಬಂದದ್ದು ಒಂದೂವರೆ ಕೋಟಿ ಡಾಲರಿಗಿಂತ ಕಡಿಮೆ. ಹಣ ತಮ್ಮದೇ ಆದಾಗ ಬೇಡ ಎನ್ನುವ ಅಧಿಕಾರ ಬೇರೆ ಯಾರಿಗಿರುತ್ತದೆ?

ಕೊಪ್ಪೊಲಾ ದ್ರಾಕ್ಷಿ ಬೆಳೆದವರು ಎಂಬುದು ನನಗೆ ಮೋಜಿನ ಸಂಗತಿ. ನಮ್ಮ ತಿಕೋಟಾ ಕಡೆಯ ಯಾವ ಬೆಳೆಗಾರರನ್ನಾದರೂ ಕೇಳಿ, ಏಪ್ರಿಲ್ ಚಾಟ್ನಿ, ಅಕ್ಟೋಬರ್ ಚಾಟ್ನಿ, ಅಂದರೆ ಬಳ್ಳಿ ಕತ್ತರಿಸುವ ಕೆಲಸ, ಎರಡನ್ನೂ ತಪ್ಪಿಸುವಂತಿಲ್ಲ ಎನ್ನುತ್ತಾರೆ. ಕತ್ತರಿ ಬೀಳದ ಬಳ್ಳಿ ಒಣಗುವುದಿಲ್ಲ, ಇನ್ನೂ ಸೊಂಪಾಗಿ ಹಬ್ಬುತ್ತದೆ. ನೋಡಿದವರು ಎಂಥ ಬಳ್ಳಿ ಎಂದು ಮೆಚ್ಚುತ್ತಾರೆ. ಫೆಬ್ರುವರಿಯಲ್ಲಿ ಗೊನೆ ಹುಡುಕಿದರೆ ಎಲೆಯೇ ಸಿಗುತ್ತದೆ. ಹೆಸರಾಂತರ ಮೂರು ಗಂಟೆಯ ಚಿತ್ರಗಳಲ್ಲಿ ನಾನು ಎಷ್ಟೋ ಸಲ ಹೀಗೆ ಎಲೆ ಸರಿಸುತ್ತ ಕುಳಿತಿದ್ದೇನೆ.

ಗೆದ್ದವರೇ ಇದನ್ನು ಒಪ್ಪಿಕೊಂಡದ್ದು ಕಡಿಮೆ. 1998ರ ‘ಸತ್ಯ’ ಚಿತ್ರ 2025ರ ಜನವರಿಯಲ್ಲಿ ಮತ್ತೆ ತೆರೆಗೆ ಬಂದಾಗ ತಮ್ಮದೇ ಆ ಚಿತ್ರವನ್ನು ನೋಡಿದ ರಾಮ್ ಗೋಪಾಲ್ ವರ್ಮಾ, ತಮ್ಮನ್ನು ಹಾಳು ಮಾಡಿದ್ದು ಗೆಲುವಿನ ಮತ್ತು ಅಹಂಕಾರದ ಅಮಲು ಎಂದು ಬಹಿರಂಗವಾಗಿಯೇ ಬರೆದುಕೊಂಡರು. ಅವರ ಮೇಲೆ ನನಗಿದ್ದ ಅರ್ಧ ಸಿಟ್ಟು ಅಂದೇ ಇಳಿಯಿತು.

ಇನ್ನೊಂದು ಕಾರಣ ಬರಿಯ ಲೆಕ್ಕದ್ದು, ಅಭಿಮಾನಿಗಳಿಗೆ ರುಚಿಸದು. ತೀರಾ ಎತ್ತರದ ತಂದೆತಾಯಿಯ ಮಕ್ಕಳು ಸಾಮಾನ್ಯವಾಗಿ ಅವರಷ್ಟು ಎತ್ತರ ಬೆಳೆಯುವುದಿಲ್ಲ ಎಂಬುದನ್ನು ಇಂಗ್ಲೆಂಡಿನ ವಿಜ್ಞಾನಿ ಫ್ರಾನ್ಸಿಸ್ ಗಾಲ್ಟನ್ 1886ರಲ್ಲಿ ಅಳತೆ ಹಿಡಿದು ತೋರಿಸಿದರು. ಸಿನಿಮಾಕ್ಕೂ ಇದು ಅನ್ವಯಿಸುತ್ತದೆ. ನಾವು ಒಬ್ಬರನ್ನು ದೊಡ್ಡ ನಿರ್ದೇಶಕರೆಂದು ಗುರುತಿಸುವುದೇ ಕಥೆ, ನಟರು, ಹಾಡು, ಬಿಡುಗಡೆಯ ಸಮಯ ಎಲ್ಲವೂ ಕೂಡಿ ಬಂದ ಚಿತ್ರದಿಂದ. ಅವೆಲ್ಲ ಮತ್ತೊಮ್ಮೆ ಅದೇ ಹದದಲ್ಲಿ ಕೂಡಿ ಬರುವುದು ಅಪರೂಪ. ನಮ್ಮೂರಿನ ಬಾರಾ ಕಮಾನು ಗೋಳಗುಮ್ಮಟವನ್ನು ಮೀರಿಸಲು ಹೊರಟ ಕಟ್ಟಡ ಎಂದು ಹೇಳುತ್ತಾರೆ. ಇಂದಿಗೂ ಅಲ್ಲಿ ಕಮಾನುಗಳಷ್ಟೇ ನಿಂತಿವೆ.

ಪುಟ್ಟಣ್ಣನವರ ವಿಷಯ ಬೇರೆ. ತ.ರಾ.ಸು. ಅವರ ಕಾದಂಬರಿಗಳನ್ನು ಆಧರಿಸಿದ ‘ನಾಗರಹಾವು’ 1972ರಲ್ಲಿ ಕನ್ನಡ ನಾಡನ್ನೇ ಅಲ್ಲಾಡಿಸಿತು. ಅದೇ ಕಥೆಯನ್ನು 1974ರಲ್ಲಿ ಅವರೇ ಹಿಂದಿಯಲ್ಲಿ ‘ಝಹರೀಲಾ ಇನ್ಸಾನ್’ ಎಂದು ತೆಗೆದರು, ನಾಯಕ ರಿಷಿ ಕಪೂರ್. ಓಡಲಿಲ್ಲ. ಎರಡೇ ವರ್ಷದಲ್ಲಿ, ನಲವತ್ತು ದಾಟುತ್ತಿದ್ದ ನಿರ್ದೇಶಕರ ಕಸುವು ಇಂಗಿತೆಂದು ಹೇಳಲಾದೀತೇ? ನಾಟಕ ಕಂಪನಿಯವರಿಗೆ ಇದು ಹೊಸದಲ್ಲ. ಬನಶಂಕರಿ ಜಾತ್ರೆಯಲ್ಲಿ ಕಿಕ್ಕಿರಿದ ನಾಟಕ ಮುಂದಿನ ಕ್ಯಾಂಪಿನಲ್ಲಿ ಖಾಲಿ ಕುರ್ಚಿಗಳ ಮುಂದೆ ನಡೆಯಬಹುದು. ಅವರಿಗೆ ಮರುದಿನ ಮಾತು ಬದಲಿಸಿ, ಹಾಸ್ಯ ಸೇರಿಸಿ ನೋಡುವ ಅವಕಾಶವಾದರೂ ಇದೆ. ಸಿನಿಮಾದವರಿಗೆ ಅದಿಲ್ಲ. ಅಂಥದೇ ಕಂಪನಿಯೊಂದರ ನಟಿಯ ಕಥೆಯಾದ ‘ರಂಗನಾಯಕಿ’ಯನ್ನು ಪುಟ್ಟಣ್ಣ ತೆಗೆದದ್ದು 1981ರಲ್ಲಿ, ತೀರಿಕೊಳ್ಳುವ ನಾಲ್ಕು ವರ್ಷ ಮೊದಲು. ಕೊನೆಗಾಲದಲ್ಲಿ ಅವರು ಸೋತರು ಎನ್ನುವವರು ಇದನ್ನು ಲೆಕ್ಕಕ್ಕೆ ಹಿಡಿಯುವುದೇ ಇಲ್ಲ.

ನೋಡುಗರಿಗೂ ವಯಸ್ಸಾಗುತ್ತದೆ. ಹುಡುಗನಾಗಿದ್ದಾಗ ನಾಲ್ಕು ಸಲ ನೋಡಿದ್ದ ಚಿತ್ರವೊಂದನ್ನು ಕಳೆದ ವರ್ಷ ಹಾಕಿಕೊಂಡು ಕುಳಿತೆ, ಮಧ್ಯಂತರದ ಹೊತ್ತಿಗೆ ನಿದ್ದೆ ಹೋಗಿದ್ದೆ. ಅದರ ಹೆಸರು ಹೇಳುವ ಧೈರ್ಯ ನನಗಿಲ್ಲ.

ದೇಹವೂ ಸಹಕರಿಸಬೇಕು. 1983ರಲ್ಲಿ ಹೃದಯಾಘಾತವಾದ ಮೇಲೆ ಸತ್ಯಜಿತ್ ರಾಯ್ ಅವರಿಗೆ ವರ್ಷಗಟ್ಟಲೆ ಹೊಸ ಕಥಾಚಿತ್ರ ನಿರ್ದೇಶಿಸಲಾಗಲಿಲ್ಲ. ಹೊರಾಂಗಣ ಚಿತ್ರೀಕರಣಕ್ಕೆ ವೈದ್ಯರ ಒಪ್ಪಿಗೆ ಇರಲಿಲ್ಲವಾದ್ದರಿಂದ ‘ಗಣಶತ್ರು’ ನಾಲ್ಕು ಗೋಡೆಗಳ ನಡುವೆಯೇ ತಯಾರಾಯಿತು. ರಾಯ್ ಅವರನ್ನು ಮೆಚ್ಚಿದ್ದವರೇ ನಾಟಕವನ್ನು ನೋಡಿದಂತಿದೆ ಎಂದು ಗೊಣಗಿದರು, ನಾನೂ ಗೊಣಗಿದವನೇ. ಆಮೇಲೆ 1991ರಲ್ಲಿ ‘ಆಗಂತುಕ್’ ಬಂತು. ಅದರ ಹೆಚ್ಚಿನ ಭಾಗ ನಡೆಯುವುದೂ ಒಂದು ಮನೆಯೊಳಗೆ, ಕುಳಿತು ಮಾತಾಡುವ ಜನರ ನಡುವೆ. ಜಮಖಂಡಿಯ ಓದುಗರು ಅದನ್ನು ನೋಡಿರದಿದ್ದರೆ, ಅರ್ಧಕ್ಕೆ ನಿಲ್ಲಿಸಿದ ಚಿತ್ರವನ್ನು ಹಾಗೆಯೇ ಬಿಟ್ಟು ಇದನ್ನು ಹಾಕಿಕೊಳ್ಳಬಹುದು.