ಫಸ್ಟ್ ಪಿಯು ಮಾರ್ಕ್ಸ್ ಯಾರು ನೋಡ್ತಾರೆ?

ಅಮೆರಿಕದ ಕಾಲೇಜುಗಳು ನೋಡುತ್ತವೆ. ತುಂಬಾ ಗಮನ ಕೊಟ್ಟೇ ನೋಡುತ್ತವೆ. ಡಿಗ್ರಿಗೆ ಹೊರದೇಶಕ್ಕೆ ಕಳಿಸಬೇಕು ಅಂತ ನನ್ನ ಹತ್ತಿರ ಬರುವ ಬೆಂಗಳೂರಿನ ಅಪ್ಪ ಅಮ್ಮಂದಿರಿಗೆ ನಾನು ಮೊದಲು ಹೇಳುವುದೇ ಇದನ್ನು, ಯಾಕೆಂದರೆ ನಮ್ಮಲ್ಲಿ ಎಸ್ಸೆಸ್ಸೆಲ್ಸಿ ಮುಗಿದ ಮೇಲೆ ಫಸ್ಟ್ ಪಿಯು ಅಂದರೆ ಸುಧಾರಿಸಿಕೊಳ್ಳುವ ವರ್ಷ, ಪಾಸಾದರೆ ಸಾಕು, ಮುಂದಿನ ವರ್ಷ ನೋಡಿಕೊಂಡರಾಯ್ತು ಅನ್ನೋ ಲೆಕ್ಕ. ಇಂಜಿನಿಯರಿಂಗ್ ಸಿಇಟಿ ಮಟ್ಟಿಗೆ ಆ ಲೆಕ್ಕ ಸರಿ. ಅಲ್ಲಿ ರ‍್ಯಾಂಕಿಗೆ ಸೆಕೆಂಡ್ ಪಿಯು ಪಿಸಿಎಂ ಅಂಕ ಅರ್ಧ, ಸಿಇಟಿ ಅಂಕ ಅರ್ಧ.

ಅಮೆರಿಕದ ಅರ್ಜಿ ಹೋಗುವ ಸಮಯವೇ ಬೇರೆ. ಬೇಗ ಹಾಕುವವರಿಗೆ ನವೆಂಬರ್ ಮೊದಲ ಭಾಗ, ಉಳಿದವರಿಗೆ ಸಾಮಾನ್ಯವಾಗಿ ಜನವರಿ. ನಮ್ಮ ಬೋರ್ಡ್ ಪರೀಕ್ಷೆ ಆಗಿನ್ನೂ ನಡೆದೇ ಇರುವುದಿಲ್ಲ. ಹಾಗಾಗಿ ಅರ್ಜಿ ಓದುವವರ ಕೈಯಲ್ಲಿ ಇರುವುದು 9, 10 ಮತ್ತು ಫಸ್ಟ್ ಪಿಯು ಅಂಕ. ಸೆಕೆಂಡ್ ಪಿಯುಗೆ ನಮ್ಮ ಪಿಯು ಕಾಲೇಜಿನವರು ಬರೆದುಕೊಡುವ ಅಂದಾಜು ಮಾತ್ರ. ಮಗು ವರ್ಷದಿಂದ ವರ್ಷಕ್ಕೆ ಮೇಲೆ ಬಂದಿದೆಯಾ, ತನಗೆ ಸಿಕ್ಕಿದ್ದರಲ್ಲಿ ಕಷ್ಟದ ವಿಷಯಗಳನ್ನು ತೆಗೆದುಕೊಂಡಿದೆಯಾ ಅಂತ ಇದರಲ್ಲೇ ಅಳೆಯುತ್ತಾರೆ. ನನ್ನ ಮಾತು ನಂಬಬೇಕಿಲ್ಲ. ಅಲ್ಲಿನ ಬಹಳಷ್ಟು ಕಾಲೇಜುಗಳು ಪ್ರತಿವರ್ಷ ಕಾಮನ್ ಡೇಟಾ ಸೆಟ್ ಅನ್ನೋ ದಾಖಲೆ ಹೊರತರುತ್ತವೆ. ಅದರ ಸಿ7 ಪಟ್ಟಿಯಲ್ಲಿ ಯಾವುದಕ್ಕೆ ಎಷ್ಟು ತೂಕ ಅಂತ ಅವರೇ ಹಾಕಿರುತ್ತಾರೆ. ಗೂಗಲ್ ಮಾಡಿದರೆ ಸಿಗುತ್ತದೆ.

ಎಸ್‌ಎಟಿ ಅಂದರೆ ಅಲ್ಲಿನ ಕಾಲೇಜು ಪ್ರವೇಶಕ್ಕೆ ಬರೆಯುವ ಪರೀಕ್ಷೆ, ಅದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಎಂಐಟಿ 2022ರಲ್ಲಿ ಅದನ್ನು ಮತ್ತೆ ಕಡ್ಡಾಯ ಮಾಡಿತು, ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ ಅದನ್ನು ಪ್ರವೇಶಕ್ಕೆ ನೋಡುವುದೇ ಇಲ್ಲ. ಹಾಕುವ ಕಾಲೇಜು ನೋಡಿ ನಿರ್ಧಾರ ಮಾಡಿ.

ನಮ್ಮ ಮಕ್ಕಳು ನಿಜವಾಗಿ ಸಿಕ್ಕಿಬೀಳುವುದು ಅರ್ಜಿಯ ಜೊತೆ ಹೋಗುವ, ಲೆಕ್ಚರರ್ ಬರೆಯುವ ಶಿಫಾರಸು ಪತ್ರದಲ್ಲಿ. ಇಂಟಿಗ್ರೇಟೆಡ್ ಕೋಚಿಂಗ್ ಇರುವ ಪಿಯು ಕಾಲೇಜಿನಲ್ಲಿ ಒಂದೊಂದು ಸೆಕ್ಷನ್ನಿನಲ್ಲೂ ಅಷ್ಟೊಂದು ಮಕ್ಕಳು. ಬೆಳಗ್ಗೆಯಿಂದ ಸಂಜೆವರೆಗೆ ಎಂಸಿಕ್ಯೂ, ವಾರ ವಾರ ಟೆಸ್ಟ್. ಪಾಪ, ಆ ಫಿಸಿಕ್ಸ್ ಮೇಡಂಗೆ ನಿಮ್ಮ ಮಗನ ರೋಲ್ ನಂಬರ್ ಗೊತ್ತಿರಬಹುದು, ಅವನು ಹೇಗೆ ಯೋಚಿಸುತ್ತಾನೆ ಅಂತ ಗೊತ್ತಿರಲು ಸಾಧ್ಯವಾ? ಆಗ ಪತ್ರದಲ್ಲಿ ಬರುವುದು ‘ಶಿಸ್ತಿನ ವಿದ್ಯಾರ್ಥಿ, ಒಳ್ಳೆಯ ನಡತೆ’. ಇದರಿಂದ ಏನೂ ಪ್ರಯೋಜನ ಇಲ್ಲ. ಲ್ಯಾಬಿನಲ್ಲಿ ಲೋಲಕದ ರೀಡಿಂಗ್ ಸರಿ ಬರಲಿಲ್ಲ ಅಂತ ಪಕ್ಕದವನದ್ದು ನೋಡಿ ಬರೆಯದೆ, ದಾರದ ಉದ್ದ ಮತ್ತೆ ಅಳೆದು ತಪ್ಪು ಹುಡುಕಿದ ಅಂತ ಎರಡು ಸಾಲು ಇದ್ದರೆ ಅದು ಪತ್ರ. ಅಂಥ ಎರಡು ಸಾಲು ಹುಟ್ಟುವುದೂ ಫಸ್ಟ್ ಪಿಯುನಲ್ಲೇ.

ಇನ್ನು ಚಟುವಟಿಕೆಗಳು. ನೂರಾರು ಕಾಲೇಜುಗಳು ಒಪ್ಪುವ ಒಂದೇ ಅರ್ಜಿ ನಮೂನೆಯಾದ ಕಾಮನ್ ಆ್ಯಪ್‌ನಲ್ಲಿ ಹತ್ತು ಚಟುವಟಿಕೆ ಬರೆಯಬಹುದು. ಒಂದೊಂದರ ವಿವರಣೆಗೆ 150 ಅಕ್ಷರ ಅಷ್ಟೇ. ಇದಕ್ಕಾಗಿ ಸುಮ್ನೆ ಒಂದು ಎನ್‌ಜಿಒ ಶುರು ಮಾಡಿಸುವುದು, ದುಡ್ಡು ಕೊಟ್ಟು ಸರ್ಟಿಫಿಕೇಟ್ ತರುವುದು ದಯವಿಟ್ಟು ಬೇಡ. ರಾಜಾಜಿನಗರ ಕಡೆಯ ಒಬ್ಬ ಹುಡುಗಿ ನನ್ನ ಮುಂದೆ ಕೂತು ‘ನಾನೇನೂ ಮಾಡಿಲ್ಲ’ ಅಂದಳು. ಕೇಳುತ್ತಾ ಹೋದರೆ, ಅಮ್ಮನ ಚಟ್ನಿಪುಡಿ, ಹಪ್ಪಳದ ವ್ಯಾಪಾರದ ಲೆಕ್ಕ ಪೂರ್ತಿ ಅವಳದೇ. ಯಾವ ಅಂಗಡಿಯಿಂದ ಎಷ್ಟು ಬಾಕಿ ಬರಬೇಕು, ಶ್ರಾವಣದಲ್ಲಿ ಎಷ್ಟು ಕೆಜಿ ಜಾಸ್ತಿ ಮಾಡಬೇಕು, ಎಲ್ಲ ಬಾಯಲ್ಲೇ ಇತ್ತು. ಆ ಅರ್ಜಿಯಲ್ಲಿ ಮನೆಯ ಜವಾಬ್ದಾರಿಗೆ ಅಂತಲೇ ಒಂದು ವಿಭಾಗ ಇದೆ, ಗೊತ್ತಾ? ನಾವು ಅದನ್ನೇ ಮೊದಲನೆಯದಾಗಿ ಹಾಕಿದೆವು. ಅದೇ ಅರ್ಜಿಯಲ್ಲಿ ಬರೆಯುವ, 650 ಪದ ಮೀರದ ಪ್ರಬಂಧಕ್ಕೂ ಇದೇ ಮಾತು. ಮಗುವೇ ಬರೆಯಲಿ.

ದುಡ್ಡಿನ ವಿಷಯ ಮನೆಯಲ್ಲಿ ಮೊದಲೇ ಬಿಚ್ಚಿ ಮಾತಾಡಿ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಆ್ಯಮ್‌ಹರ್ಸ್ಟ್‌ನಂಥ ಕೆಲವೇ ಕಾಲೇಜುಗಳು ಹೊರದೇಶದ ಮಕ್ಕಳು ಹಣದ ನೆರವು ಕೇಳಿದ್ದನ್ನು ಆಯ್ಕೆಯ ಹೊತ್ತಿಗೆ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಬೇರೆ ಎಷ್ಟೋ ಕಡೆ ತೆಗೆದುಕೊಳ್ಳುತ್ತಾರೆ.

ಈಗ ಫಸ್ಟ್ ಪಿಯು ಓದುತ್ತಿದ್ದರೆ ಈ ತಿಂಗಳೇ ಹಳೇ ಹೈಸ್ಕೂಲಿಗೆ ಹೋಗಿ, 9ನೇ ತರಗತಿಯ ಅಂಕಪಟ್ಟಿಯನ್ನು ಇಂಗ್ಲಿಷಿನಲ್ಲಿ ಸೀಲು, ಸಹಿ ಹಾಕಿಸಿ ತೆಗೆದುಕೊಳ್ಳಿ. ಅಮೆರಿಕದಲ್ಲಿ 9ರಿಂದ 12ರವರೆಗೆ ನಾಲ್ಕೂ ವರ್ಷ ಸಾಮಾನ್ಯವಾಗಿ ಒಂದೇ ಶಾಲೆ, ನಮ್ಮಲ್ಲಿ ಅರ್ಧ ಹೈಸ್ಕೂಲಿನಲ್ಲಿ, ಅರ್ಧ ಪಿಯು ಕಾಲೇಜಿನಲ್ಲಿ. ಎರಡನ್ನೂ ಜೋಡಿಸಿ ಕಳಿಸುವವರು ಯಾರು ಅಂತ ಪ್ರಿನ್ಸಿಪಾಲರನ್ನೇ ಕೇಳಿ. ಬೇಸಿಗೆ ರಜೆಗೆ ಮುಂಚೆ ಕೇಳಿ, ಅಕ್ಟೋಬರ್‌ನಲ್ಲಿ ಹೋದರೆ ಅವರಿಗೂ ಪುರುಸೊತ್ತು ಇರುವುದಿಲ್ಲ.